ಇಂಜಿನ್‌ಗೆ ಸುರಿದ ತೀರ್ಥ

ಮುನಾಫ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು, ಅವನನ್ನು ಬೈಯಬೇಕೆಂದು ಫೋನ್ ಮಾಡಿದಾಗ.

ಆ ಮಂಗಳವಾರ ಬೆಳಿಗ್ಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದೆ, ಕಾರಿನ ಕೆಳಗೆ ಮತ್ತೆ ನೀರು ನಿಂತಿತ್ತು. ಇಂಜಿನ್ ತಂಪಾಗಿಡುವ ಕೂಲೆಂಟ್ ಅದು. ಆರು ತಿಂಗಳಲ್ಲಿ ಮೂರನೆಯ ಸಲ ಸೋರಿತ್ತು. "ಇದೆಂಥಾ ಕೆಲಸನೋ ಮುನಾಫ್ ನಿಂದು?" ಎಂದು ಆರಂಭಿಸಿಬಿಟ್ಟೆ. ಫೋನ್ ಎತ್ತಿದ್ದು ಅವನ ತಮ್ಮ ಅಶ್ಫಾಕ್.

"ಮೇಷ್ಟ್ರೇ, ಅಣ್ಣ ಇಲ್ರಿ. ಶುಕ್ರವಾರ ಹೋದ. ಎದಿ ನೋವು ಅಂದ, ಆಸ್ಪತ್ರೆ ಮುಟ್ಲಿಲ್ಲ."

ಅವನೇ ಮುಂದುವರಿಸಿದ: "ಗಾಡಿ ಸೋರ್ತೈತಾ? ತಗಂಡ್ ಬರ್ರಿ. ಅಣ್ಣ ಕೈ ಹಚ್ಚಿದ ಗಾಡಿ, ನಾ ನೋಡ್ತೀನಿ."

ಹರಿಹರದ ಮೆಕ್ಯಾನಿಕ್ ಮುನಾಫ್ ಇಪ್ಪತ್ತೆರಡು ವರ್ಷ ನನ್ನ ಗಾಡಿಗಳನ್ನು ನೋಡಿಕೊಂಡವನು. ಮೊದಲ ಸಲ ಸೋರಿದಾಗ ರೇಡಿಯೇಟರ್ ಬಾಯಿಗೆ ಗಾಳಿ ಪಂಪು ಕೂರಿಸಿ ಒತ್ತಿದ್ದ. ಒತ್ತಡ ತೋರಿಸುವ ಮುಳ್ಳು ಇಳಿಯುತ್ತಾ ಬಂತು, ಎಂದರೆ ಎಲ್ಲೋ ಸೋರುತ್ತಿತ್ತು. ನೀರು ತಿರುಗಿಸುವ ವಾಟರ್ ಪಂಪಿನ ಸೀಲು ಸವೆದಿದೆಯೆಂದು ಹುಡುಕಿ, ಹೊಸ ಪಂಪನ್ನೇ ಹಾಕಿದ. ಮೂರು ತಿಂಗಳಿಗೆ ಅದೂ ಸೋರಿತು. ಮತ್ತೊಂದು ಪಂಪು ಹಾಕುವ ಮುಂಚೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದ.

"ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡ್ರಿ. ನೀರಿನ ಬಣ್ಣ ಕೆಟ್ಟೈತೆ. ಕೂಲೆಂಟ್ ಬಿಟ್ಟು ಬೇರೆ ಏನಾರ ಹಾಕ್ತೀರಾ?"

"ನಾನೇನು ಓದದವನೇನೋ? ನೀನು ಕೊಟ್ಟಿದ್ದು ಬಿಟ್ಟು ಒಂದು ಹನಿ ಹಾಕಿಲ್ಲ" ಎಂದೆ.

ಅದು ಸುಳ್ಳು. ಹೋದ ವರ್ಷ ಲಾರಿಯೊಂದು ನನ್ನ ಕಾರಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ಪ್ರತಿ ಸೋಮವಾರ ಈಶ್ವರನಿಗೆ ತುಂಗಭದ್ರೆಯ ನೀರು, ವಿಭೂತಿಯಿಂದ ಅಭಿಷೇಕ ಮಾಡಿ, ಆ ತೀರ್ಥದಲ್ಲಿ ಒಂದು ಲೋಟವನ್ನು ಕಾರಿನ ಕೂಲೆಂಟ್ ಡಬ್ಬಿಗೆ ಹಾಕುತ್ತಿದ್ದೆ. ಹೊರಗೆ ಚಿಮುಕಿಸಿದರೆ ಗಾಳಿಗೆ ಆರಿಹೋಗುತ್ತದೆ, ಒಳಗೆ ಹಾಕಿದರೆ ಗಾಡಿಯ ಜೊತೆಗೇ ತಿರುಗುತ್ತಿರುತ್ತದೆ ಎಂಬುದು ನನ್ನ ತರ್ಕ. "ಮುನಾಫನ್ನ ಒಂದ್ ಮಾತು ಕೇಳ್ರಿ" ಎಂದು ಹೆಂಡತಿ ಕಸ್ತೂರಮ್ಮ ಹೇಳಿದ್ದಳು. ಕೇಳಲಿಲ್ಲ. ಅವನೇ ಕೇಳಿದಾಗ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಸಾಲದ್ದಕ್ಕೆ ಪಕ್ಕದ ಮನೆಯ ಅಂಜಿನಪ್ಪನಿಗೆ, "ಮುನಾಫನ ಕೈ ಹೋಗಿದೆ, ನಕಲಿ ಸಾಮಾನು ಹಾಕುತ್ತಾನೆ" ಎಂದೆ. ಅಂಜಿನಪ್ಪ ತನ್ನ ಎರಡೂ ಗಾಡಿಗಳನ್ನು ಬೇರೆ ಕಡೆ ಬಿಡತೊಡಗಿದ.

ಕೂಲೆಂಟ್ ತುಂಬಿಸಿಕೊಂಡು ನಿಧಾನವಾಗಿ ಹರಿಹರ ಮುಟ್ಟಿದೆ. ಅಶ್ಫಾಕ್ ಇಂಜಿನ್ ಆರುವವರೆಗೆ ಕಾದು, ಒಳಗಿನ ನೀರನ್ನು ಬಿಳಿ ಬಕೆಟ್ಟಿಗೆ ಇಳಿಸಿದ. ಚಹದ ಬಣ್ಣ. ತಳದಲ್ಲಿ ಬೂದು ಬಣ್ಣದ ರಾಡಿ. ಪಂಪು ಬಿಚ್ಚಿದರೆ ಸೀಲಿನ ಮೇಲೆ ಗೀರುಗಳಿದ್ದವು. ರಾಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಇದು ಬೂದಿ ಇದ್ದಂಗೈತಲ್ರಿ, ಇದೇ ಸೀಲು ತಿಂದೈತೆ" ಎಂದು ತಲೆಯೆತ್ತಿದ. ಅವನ ಕಣ್ಣು ನನ್ನ ಹಣೆಯ ವಿಭೂತಿಯ ಮೇಲೆ ನಿಂತು, ತಕ್ಷಣ ಕೆಳಗಿಳಿಯಿತು.

ಆಗಲೂ ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ಅಂದು ಕೇಳಿದವನೇ ಇಲ್ಲವಾಗಿದ್ದ.

"ತೀರ್ಥ. ನಾನೇ ಹಾಕಿದ್ದು, ಅಶ್ಫಾಕ್."

"ಅಣ್ಣ ಕೇಳಿರ್ಲಿಲ್ವಾ?"

"ಕೇಳಿದ್ದ. ಸುಳ್ಳು ಹೇಳಿದೆ."

ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಮೇಷ್ಟ್ರು ಏನೋ ಹಾಕ್ಯಾರೆ ಅಂತ ನಾ ಅವತ್ತೇ ಅಂದೆ. ನನಗೇ ಬೈದ ಅಣ್ಣ. 'ಅವ್ರು ಸುಳ್ಳು ಹೇಳೋ ಮನುಷ್ಯ ಅಲ್ಲ, ನನ್ನ ಕೈಯೇ ಹೋಗೈತೆ' ಅಂದ. ಆಮ್ಯಾಲೆ ಯಾವ ಗಾಡಿ ಮುಗಿಸಿದ್ರೂ, ನೀ ಒಂದ್ಸಲ ನೋಡೋ ಅಂತಿದ್ದ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ನಿಂತು ಅಂಜಿನಪ್ಪನಿಗೆ ಫೋನ್ ಹಚ್ಚಿ, ಅಶ್ಫಾಕನಿಗೂ ಕೇಳುವಂತೆ ಸ್ಪೀಕರ್ ಹಾಕಿ, ತೀರ್ಥ ಹಾಕಿದ್ದನ್ನೂ ಸುಳ್ಳು ಹೇಳಿದ್ದನ್ನೂ ತಿಳಿಸಿದೆ. ಅಂಜಿನಪ್ಪ ಗಹಗಹಿಸಿ ನಕ್ಕ.

"ಅಲ್ರೀ ಮೇಷ್ಟ್ರೇ, ಇಂಜಿನ್‌ಗೂ ಅಭಿಷೇಕ ಮಾಡಿದ್ರಾ? ಮಂಗಳಾರತಿ ಸೈಲೆನ್ಸರ್‌ಗೇನು?"

"ನಗ್ರಿ. ಆದ್ರೆ ಮುನಾಫನ ಕೈ ಹೋಗಿರ್ಲಿಲ್ಲ. ಸಾಮಾನೂ ನಕಲಿ ಅಲ್ಲ. ನಾನು ಹೇಳಿದ್ದು ಸುಳ್ಳು ಅಂತ ಓಣಿಯಾಗೆ ಎಲ್ಲರಿಗೂ ಹೇಳ್ರಿ."

"ಹೇಳಾಣ ಬಿಡ್ರಿ. ನನ್ ಗಾಡಿನೂ ಗರ್ ಅಂತೈತೆ, ನಾಳೆ ತರ್ತೀನಿ. ಮುನಾಫ್ ಇರ್ತಾನಲ್ಲ?"

"ಇಲ್ಲ" ಎಂದೆ. "ತೀರಿಕೊಂಡ."

ಆ ಕಡೆಯ ನಗು ನಿಂತುಹೋಯಿತು.

ಅಶ್ಫಾಕ್ ಇಂಜಿನ್ ಒಳಗೆಲ್ಲ ನೀರು ಹಾಯಿಸಿ, ತಿಳಿ ಬರುವವರೆಗೆ ಮೂರು ಸಲ ತೊಳೆದ. ಹೊಸ ಪಂಪು ಕೂರಿಸಿ ಕೂಲೆಂಟ್ ತುಂಬಿದ. ಗಾಳಿ ಒತ್ತಿ ಕಾಲು ಗಂಟೆ ಕಾದೆವು. ಮುಳ್ಳು ಅಲುಗಲಿಲ್ಲ. "ನಿಂತೈತೆ" ಎಂದಷ್ಟೇ ಅಂದು ಕೈ ತೊಳೆಯಲು ಹೋದ. ಹೋಗಲಿ ಬಿಡ್ರಿ ಎಂದು ಅವನು ಅನ್ನಲಿಲ್ಲ. ಅನ್ನಲೆಂದು ನಾನು ಕಾಯುವುದೂ ತಪ್ಪು.

ಮುನಾಫನನ್ನು ಮಣ್ಣು ಮಾಡಿದ ಕಬರಸ್ತಾನದ ಗೇಟಿನ ಬಳಿ ಕಾರು ನಿಲ್ಲಿಸಿ ಇಳಿದೆ. ಒಳಗೆ ಹೋಗಲು ಮುಖವಿರಲಿಲ್ಲ. ಹೊರಗೇ ಚಪ್ಪಲಿ ಬಿಟ್ಟು ಕೈ ಮುಗಿದೆ.

ಈಶ್ವರಾ, ಮುನಾಫ್ ನಿನ್ನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದನೋ ಆ ಹೆಸರಿಗೇ ಈಗ ಕೈ ಮುಗಿಯುತ್ತಿದ್ದೇನೆ. ಅವನು ನನ್ನ ಮಾತು ನಂಬಿ ತನ್ನ ಕೈಯನ್ನೇ ಅನುಮಾನಿಸಿಕೊಂಡು ಹೋದ. ಅವನ ಕೆಲಸದಲ್ಲಿ ತಪ್ಪಿರಲಿಲ್ಲವೆಂದು ನೀನೇ ಅವನಿಗೆ ತಿಳಿಸು. ಆ ಜೀವಕ್ಕೆ ಶಾಂತಿ ಕೊಡು, ತಂದೆ.