ಯಾರನ್ನ ಕ್ಷಮಿಸಲಿ?

ರೈಲು ಹಳಿಯ ಈಚೆಗೆ ಒಂದು ಚರ್ಚು, ಆಚೆಗೆ ಒಂದು. ಎರಡರಲ್ಲೂ ಓದುವುದು ಅದೇ ಬೈಬಲ್, ಹಾಡುವುದು ಅದೇ ಕೀರ್ತನೆ. ಆದರೆ ಈಚೆಯವರು ಆಚೆಗೆ ಹೆಣ್ಣು ಕೊಡುತ್ತಿರಲಿಲ್ಲ, ಆಚೆಯವರಿಗೆ ಮನೆ ಬಾಡಿಗೆಗೂ ಕೊಡುತ್ತಿರಲಿಲ್ಲ. ಸತ್ತವರ ಸಮಾಧಿಗಳ ನಡುವೆಯೂ ಒಂದು ಗೋಡೆಯಿತ್ತು. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ದರ್ಜಿ ಅಕ್ಕನಿಗೂ ಅನ್ನಿಸಿರಲಿಲ್ಲ.

ಈಚೆಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಹಿಂದಿನ ಕೋಣೆಯಲ್ಲಿ ಅಮ್ಮ, ತಮ್ಮ. ತಮ್ಮ ವೈರಿಂಗ್ ಕೆಲಸದವನು. ಚರ್ಚಿನ ಹಾಡುಗಾರರಲ್ಲಿ ಅವನ ಕಂಠಕ್ಕೆ ಸಾಟಿ ಇರಲಿಲ್ಲ. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಲ್ಲಿಂದ ಬಟ್ಟೆ ಹೊಲಿದು ಅವನನ್ನು ಸಾಕಿದವಳು ಅಕ್ಕ.

ಸಂತೆಯಲ್ಲಿ ತಳ್ಳುಗಾಡಿ ನಿಲ್ಲಿಸುವ ಜಾಗಕ್ಕೆ ಶುರುವಾದ ಜಗಳ ಎರಡೇ ದಿನದಲ್ಲಿ ಹಳಿ ದಾಟಿತು. ಶನಿವಾರ ಸಂಜೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಈಚೆಯ ಹತ್ತು ಹನ್ನೆರಡು ಜನ ಆಚೆಗೆ ಹೋಗಿ ಮೂರು ಅಂಗಡಿಗಳಿಗೆ ಬೆಂಕಿ ಇಟ್ಟರು. ಅದರಲ್ಲೊಂದು ಗಡಿಯಾರ ರಿಪೇರಿಯವನದು. “ಗಡಿಯಾರ ಕೆಟ್ಟರೆ ನನ್ನ ಹತ್ರ ಬನ್ನಿ, ಕಾಲ ಕೆಟ್ಟರೆ ಪಾದ್ರಿಗಳ ಹತ್ರ ಹೋಗಿ” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ ಮನುಷ್ಯ. ಊರವರ ಗಡಿಯಾರಗಳನ್ನು ಹೊರಗೆ ತರಲು ಹೋಗಿ ಎರಡೂ ಕೈ ಸುಟ್ಟುಕೊಂಡ.

ಮರುದಿನ ಬೆಳಗ್ಗೆ ತಮ್ಮ ತನ್ನದೊಂದು ಅಂಗಿ ತಂದು ಯಂತ್ರದ ಮೇಲೆ ಹಾಕಿದ. ಬಲತೋಳಿನ ತುದಿ ಸುಟ್ಟು ಕರಕಲಾಗಿತ್ತು. ಸೀಮೆಎಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು.

“ಏನೋ ಇದು?”

“ಕೆಲಸದಲ್ಲಿ ಕಿಡಿ ಹಾರ್ತು. ಹೊಲಿದುಕೊಡಕ್ಕ, ಜಾಸ್ತಿ ಕೇಳ್ಬೇಡ.”

ಅವಳು ಕೇಳಲಿಲ್ಲ. ಸುಟ್ಟಿದ್ದನ್ನು ಕತ್ತರಿಸಿ, ಅದೇ ಬಣ್ಣದ ತುಂಡು ಹುಡುಕಿ, ಹೊಲಿಗೆ ಕಾಣದಷ್ಟು ನಾಜೂಕಾಗಿ ಕೂಡಿಸಿಕೊಟ್ಟಳು. ಆಮೇಲೆ ಒಂದು ತಿಂಗಳು, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೆಲ್ಲ ಆ ವಾಸನೆ ಮೂಗಿಗೆ ಬಡಿಯುತ್ತಿತ್ತು. 

ಪಾದ್ರಿಗಳು ಒಳ್ಳೆಯವರು, ಆದರೆ ಜಗಳವೆಂದರೆ ದೂರ ಸರಿಯುವವರು. ಒಂದು ಭಾನುವಾರ ಸಮಾಧಾನದ ಪ್ರಾರ್ಥನೆ ಇಟ್ಟು ಗಡಿಯಾರದವನನ್ನು ಕರೆಸಿದರು. ಅವನು ಹೆಂಡತಿಯೊಡನೆ ಬಂದು ಮುಂದಿನ ಸಾಲಿನಲ್ಲಿ ಕೂತ. ಎರಡೂ ಕೈಗೆ ಬ್ಯಾಂಡೇಜು.

“ಆದದ್ದು ಆಗಿಹೋಯ್ತು,” ಎಂದರು ಪಾದ್ರಿಗಳು. “ಎಲ್ಲ ಹೊಟ್ಟೆಗೆ ಹಾಕ್ಕೊಂಡು ಕ್ಷಮಿಸಿಬಿಡಿ. ಬನ್ನಿ, ಕೈ ಕೈ ಹಿಡಿಯೋಣ.”

ಹೇಳಿದ ಮೇಲೆ ಅವರಿಗೆ ಬ್ಯಾಂಡೇಜು ಕಣ್ಣಿಗೆ ಬಿತ್ತು. ಚಾಚಿದ ಕೈ ಅಲ್ಲೇ ನಿಂತಿತು.

ಗಡಿಯಾರದವನು ಎದ್ದ. “ಕ್ಷಮಿಸ್ತೀನಿ, ಅದಕ್ಕೇ ಬಂದಿದೀನಿ. ಆದ್ರೆ ಯಾರನ್ನ ಕ್ಷಮಿಸಲಿ? ಅವರು ಸ್ವಲ್ಪ ಎದ್ದು ನಿಂತ್ಕೊಂಡ್ರೆ ಒಳ್ಳೇದು.”

ಯಾರೋ ಕೆಮ್ಮಿದರು. ಹಾಡುಗಾರರ ನಡುವೆ ಕೂತಿದ್ದ ತಮ್ಮ, ಕೀರ್ತನೆ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಕ್ಕ ಅವನನ್ನೇ ನೋಡುತ್ತ ಕಾದಳು. ಕೊನೆಗೊಮ್ಮೆ ಅವನೂ ನೋಡಿದ. ಬೇಡ ಎಂಬಂತೆ ತಲೆ ಆಡಿಸಿದ. ಅವಳು ಎದ್ದು ನಿಂತಳು.

“ಆವತ್ತು ಸುಟ್ಟಿದ್ದ ಅಂಗಿ ತೋಳು ಹೊಲಿದವಳು ನಾನು. ಗೊತ್ತಿದ್ದೂ ಹೊಲಿದೆ. ಮೊದಲು ನನ್ನನ್ನ ಕ್ಷಮಿಸಿ.”

ಯಾರ ಅಂಗಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಕುರ್ಚಿ ತಳ್ಳಿ ಎದ್ದ ತಮ್ಮ, ಪಕ್ಕದ ಬಾಗಿಲಿನಿಂದ ಹೊರಟುಹೋದ.

ಮಧ್ಯಾಹ್ನ ಪಾದ್ರಿಗಳು ಮನೆಗೆ ಬಂದರು. “ಏನಮ್ಮ ಇದು? ಸುಮ್ಮನಿದ್ದಿದ್ರೆ ಎಲ್ಲ ತಣ್ಣಗಾಗ್ತಿತ್ತು.”

“ನಮ್ಮ ಕಡೆ ತಣ್ಣಗಾಗ್ತಿತ್ತು. ಅವರ ಕೈ ಇನ್ನೂ ಉರೀತಿದೆ.”

ಅಮ್ಮ ಒಳಗಿನಿಂದ ಬಂದಳು. “ಹೆತ್ತ ಹೊಟ್ಟೆಗೇ ಬೆಂಕಿ ಇಟ್ಟೆಯಲ್ಲೇ,” ಎಂದಳು. ಅದೇ ಕೊನೆ, ಮಗಳ ಜೊತೆ ಮಾತು ಬಿಟ್ಟಳು.

ಸೋಮವಾರ ಅಕ್ಕ ಪೊಲೀಸ್ ಠಾಣೆಗೆ ಹೋದಳು. ಹೇಳಿಕೆ ಬರೆದುಕೊಳ್ಳಬೇಕಾದವನು ಅವರದೇ ಚರ್ಚಿನವನು.

“ಒಡಹುಟ್ಟಿದವನು ಅಕ್ಕಾ. ಮನೆಗೆ ಹೋಗಿ ಯೋಚನೆ ಮಾಡಿ.”

“ಒಂದು ತಿಂಗಳಿಂದ ಅದನ್ನೇ ಮಾಡಿದೀನಿ. ಬರ್ಕೊಳ್ಳಪ್ಪ.”

ಅವನು ಬರೆದುಕೊಳ್ಳುವ ತನಕ ಅವಳು ಬೆಂಚಿನಿಂದ ಏಳಲಿಲ್ಲ. ತಮ್ಮನನ್ನೂ ಅನುಮಾನದ ಮೇಲೆ ಅವನ ಇಬ್ಬರು ಗೆಳೆಯರನ್ನೂ ಹಿಡಿದರು. ಆ ವಾರದಿಂದಲೇ ಹೊಲಿಯಲು ಬಟ್ಟೆ ತರುವವರು ನಿಂತುಹೋದರು. ಹೊಲಿದಿಟ್ಟ ಬಟ್ಟೆ ಒಯ್ಯಲು ಬಂದವರೂ ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದರು. ಗಡಿಯಾರದವನ ಮನೆಗೆ ಹೋದರೆ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ನೀವು ಹೇಳಿದ್ದಕ್ಕೆ ಅವರ ಬೆರಳು ಸರಿಹೋಗಲ್ಲ,” ಎಂದಳು. ಅದು ನಿಜವೇ ಆಗಿದ್ದರಿಂದ ಅಕ್ಕ ಹಳಿ ದಾಟಿ ವಾಪಸಾದಳು.

ಅಕ್ಕ ಎರಡು ವಾರ ಜೈಲಿಗೆ ನೋಡಲು ಹೋದರೂ ತಮ್ಮ ಭೇಟಿಗೆ ಬರಲಿಲ್ಲ. ಮೂರನೇ ವಾರ ಬಂದು ಜಾಲರಿಯ ಆಚೆ ಕೂತ. ಗಡ್ಡ ಬೆಳೆದಿತ್ತು.

“ಅಮ್ಮ?”

“ಆರೋಗ್ಯವಾಗಿದ್ದಾಳೆ. ನನ್ನ ಹತ್ರ ಮಾತಾಡಲ್ಲ.”

“ನಂಗೂ ಮಾತಾಡೋ ಮನಸ್ಸಿರಲಿಲ್ಲ.” ಜಾಲರಿಗೆ ಮುಖ ಹತ್ತಿರ ತಂದು ಕೇಳಿದ, “ಅವರ ಕೈ ಹೇಗಿದೆ?”

“ಬಲಗೈಯಲ್ಲಿ ಎರಡು ಬೆರಳು ಮಡಚಲ್ಲ. ಆ ಕೆಲಸ ಇನ್ನು ಆಗಲ್ಲ ಅಂದಿದಾರಂತೆ ಡಾಕ್ಟರು.”

“ಅವರು ಒಳಗೆ ನುಗ್ತಾರೆ ಅಂತ ಗೊತ್ತಿರಲಿಲ್ಲಕ್ಕ.”

“ಗೊತ್ತಿದ್ದಿದ್ರೆ ಹಚ್ತಿರಲಿಲ್ವಾ?”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಕ್ಕನಿಗೆ ಅವನ ತಲೆ ಸವರಬೇಕೆನ್ನಿಸಿತು, ನಡುವೆ ಜಾಲರಿ.

ವಿಚಾರಣೆಯ ದಿನ, ಒಪ್ಪಿಕೊಳ್ಳಬೇಡ ಎಂದು ವಕೀಲರು ಹೇಳಿಕೊಟ್ಟಿದ್ದರೂ ಅವನು, “ಹೌದು, ನಾನು ಹಚ್ಚಿದೆ,” ಎಂದುಬಿಟ್ಟ. ಉಳಿದವರ ಹೆಸರು ಹೇಳಲಿಲ್ಲ. ಇಬ್ಬರು ಗೆಳೆಯರು ಬಿಡುಗಡೆಯಾಗಿ ನಗುತ್ತ ಮನೆಗೆ ಹೋದರು. ಅವನಿಗೆ ಮೂರು ವರ್ಷ ಶಿಕ್ಷೆಯಾಯಿತು.

ಕೋರ್ಟಿನ ಹೊರಗಿನ ಪಡಸಾಲೆಯಲ್ಲಿ ಗಡಿಯಾರದವನು ತಮ್ಮನ ಎದುರು ಬಂದು ನಿಂತ. ಕಾವಲಿನವರೂ ನಿಂತರು.

“ನಿನ್ನ ಮುಖ ನೋಡಬೇಕಿತ್ತು,” ಎಂದ.

“ನನ್ನನ್ನ ಕ್ಷಮಿಸಿ,” ಎಂದ ತಮ್ಮ.

“ಇವತ್ತು ಆಗಲ್ಲಪ್ಪ. ಆದ್ರೆ ನೀನು ಕೇಳಿದ್ದು ನನ್ನ ಕಿವಿಗೆ ಬಿದ್ದಿದೆ.”

ಆ ಭಾನುವಾರ ಅಕ್ಕ ಎಂದಿನಂತೆ ಚರ್ಚಿಗೆ ಹೋದಳು. ಅವಳು ಕೂತ ಸಾಲಿಗೆ ಯಾರೂ ಬರಲಿಲ್ಲ. ಎರಡನೆಯ ಹಾಡು ನಡೆಯುತ್ತಿದ್ದಾಗ ಅಮ್ಮ ತಡವಾಗಿ ಒಳಗೆ ಬಂದಳು. ಸುತ್ತ ನೋಡಿ, ಅದೇ ಸಾಲಿನ ಇನ್ನೊಂದು ತುದಿಯಲ್ಲಿ, ಮಗಳ ಕಡೆ ತಿರುಗದೆ ಕೂತಳು.