ಚೆರ್ರಿ ಮರಕ್ಕೆ ಜಾಮೀನು

ಹೂ ಬಿಟ್ಟರೂ ಕಾಯಿ ಕಟ್ಟದ ಮರವನ್ನು ನಮ್ಮ ಗಿರೆಸುನ್ ಬೆಟ್ಟದಲ್ಲಿ ಕೊಡಲಿ ತೋರಿಸಿ ಹೆದರಿಸುತ್ತೇವೆ. ಒಬ್ಬರು ಕಡಿಯುತ್ತೇನೆಂದು ಅಬ್ಬರಿಸಬೇಕು, ಇನ್ನೊಬ್ಬರು ಅಡ್ಡ ಬಂದು ಜಾಮೀನು ನಿಲ್ಲಬೇಕು. ನೆಬಾಹತಕ್ಕನ ಹಿತ್ತಲಿನ ಚೆರ್ರಿಗೆ ವರ್ಷವೂ ಕೊಡಲಿ ಎತ್ತುವವಳು ಪಕ್ಕದ ಮನೆಯ ನಾನು. ನನ್ನ ಗಂಟಲು ದೊಡ್ಡದಂತೆ!

ಆಕೆಯ ಸೊಸೆ ಸೆವ್ದಾ ಆ ಮರಕ್ಕೆ ಮಾಡದ ಆರೈಕೆಯಿಲ್ಲ. ಒಣಕೊಂಬೆ ಸವರಿ, ಬುಡಕ್ಕೆ ಸುಣ್ಣ ಬಳಿದು, ಗೊಬ್ಬರ ಹೊತ್ತು ಹಾಕುತ್ತಿದ್ದಳು. ಆದರೆ ಅವಳು ಮನೆಗೆ ಬಂದಾಗಿನಿಂದ ಮರ ಕಾಯಿ ಬಿಟ್ಟಿಲ್ಲ, ಅವಳ ಮಡಿಲೂ ತುಂಬಿಲ್ಲ. ಎಲ್ಲ ಅವಳ ಕಾಲ್ಗುಣ ಎಂದು ನೆಬಾಹತಕ್ಕ ಊರೆಲ್ಲ ಸಾರಿದ್ದಳು. ಈ ಬೇಸಿಗೆಯೊಳಗೆ ತವರಿಗೆ ಅಟ್ಟುವ ಮಾತೂ ಆಗಿತ್ತು.

ಮೊನ್ನೆ ನಾನು ಮರ ಹೆದರಿಸಲು ಹೋದಾಗ ನೆಬಾಹತಕ್ಕ ಸೊಸೆಯನ್ನೇ ಮುಂದೆ ತಳ್ಳಿದಳು. "ಬಂಜೆಗೆ ಬಂಜೆಯೇ ಜಾಮೀನು ನಿಲ್ಲಲಿ, ನೋಡೋಣ!"

ನನಗೆ ಮೈಯೆಲ್ಲ ಉರಿಯಿತು. ಆದರೂ ಕೊಡಲಿ ಎತ್ತಿದೆ. "ಏಯ್ ದಂಡಪಿಂಡ, ಹಣ್ಣು ಕೊಡ್ತೀಯೋ, ಕಡಿದು ಒಲೆಗೆ ಹಾಕ್ಲೋ?"

"ಕಡಿದ್ಬಿಡಿ ಪೆರಿಹಾನಕ್ಕ," ಎಂದಳು ಸೆವ್ದಾ. "ವರ್ಷಾ ವರ್ಷಾ ಹೆದರಿ ಸಾಯೋದಾದ್ರೂ ತಪ್ಪುತ್ತೆ."

ಜಾಮೀನು ನಿಲ್ಲಬೇಕಾದವಳು ಹಾಗೆನ್ನುವುದುಂಟೇ? ಜಗುಲಿಯಲ್ಲಿ ಟೀ ಕುಡಿಯುತ್ತಿದ್ದ ಅವಳ ಗಂಡ ಇಲ್ಹಾಮಿಯ ಲೋಟ ಬಾಯಿಯ ಹತ್ತಿರವೇ ನಿಂತಿತು.

"ತಲೆ ಕೆಟ್ಟಿದ್ಯೇನೇ?" ಅತ್ತೆ ಕಿರುಚಿದಳು.

"ಮರ ಚೆನ್ನಾಗೇ ಇದೆ ಅತ್ತೆ. ಈ ಚೆರ್ರಿ ಒಂಟಿಯಾಗಿ ಕಾಯಿ ಕಟ್ಟಲ್ಲ, ಬೇರೆ ಜಾತಿ ಚೆರ್ರಿಯ ಹೂವಿನ ಪುಡಿ ತಾಗ್ಬೇಕು. ನಾನು ಬಂದ ವರ್ಷವೇ ಪೆರಿಹಾನಕ್ಕನ ಚೆರ್ರಿ ಮರ ಗಾಳಿಗೆ ಬಿತ್ತಲ್ಲ? ಅವತ್ತಿಂದ ಇದಕ್ಕೆ ಜೊತೆಯಿಲ್ಲ. ತಪ್ಪು ಮರದ್ದಲ್ಲ. ನಂದೂ ಅಲ್ಲ. ಡಾಕ್ಟರು ಪರೀಕ್ಷೆ ಮಾಡಿ ಏನಂದ್ರು ಅಂತ ನಿಮ್ಮ ಮಗನ್ನೇ ಕೇಳಿ. ಕೊರತೆ ಇರೋದು ಅವರಲ್ಲಿ."

ನನ್ನ ಮರ ಬಿದ್ದದ್ದಕ್ಕೂ ಇದಕ್ಕೂ ನಂಟಿದೆಯೆಂದು ನನಗೇ ಹೊಳೆದಿರಲಿಲ್ಲ. ಆದರೆ ಈ ಇಲ್ಹಾಮಿ! ತಾಯಿ ಬಾಯಿಗೆ ಬಂದಂತೆ ಬೈಯುವಾಗೆಲ್ಲ ಪಕ್ಕದಲ್ಲೇ ಕೂತು ಟೀ ಹೀರಿದವನು!

"ನಿಜಾನೇನೋ?" ಎಂದಳು ತಾಯಿ. ಅವನು ತಲೆ ಎತ್ತಲಿಲ್ಲ.

ನೆಬಾಹತಕ್ಕ ತಡವರಿಸುತ್ತ ಬಂದು ಸೊಸೆಯ ಕೈ ಹಿಡಿದಳು. "ಬೇಡ ಪೆರಿಹಾನ್, ಕಡೀಬೇಡ. ನಾನು ಜಾಮೀನು... ನಾನು ಜಾಮೀನು..."

ಸೆವ್ದಾ ಕೈ ಬಿಡಿಸಿಕೊಂಡು, ಬಾಗಿಲ ಹಿಂದೆ ಕಟ್ಟಿಟ್ಟಿದ್ದ ಚೀಲ ಎತ್ತಿಕೊಂಡಳು.

"ಮರಕ್ಕೆ ವರ್ಷವೂ ಯಾರಾದ್ರೂ ನಿಂತ್ರಿ ಅತ್ತೆ. ನನಗೆ ಯಾರು ನಿಂತ್ರಿ?"

ಅವಳು ನನ್ನ ಕಡೆಗೂ ತಿರುಗಿ ನೋಡಿದಳು. ಕೊಡಲಿ ಇನ್ನೂ ನನ್ನ ಕೈಯಲ್ಲೇ ಇತ್ತು.