ಅಣ್ಣ ಸುತ್ತಿದ ಟೇಪು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಪೈಪು, ನಲ್ಲಿ ಮಾರುವ ಅಂಗಡಿ ನನ್ನದು. "ಸ್ವಲ್ಪ ಸೋರುತ್ತೆ, ಇರಲಿ ಬಿಡಿ" ಎನ್ನುವವರನ್ನು ದಿನವೂ ನೋಡುತ್ತೇನೆ, ದಿನವೂ ಮೈ ಉರಿಯುತ್ತದೆ. ಆದರೆ ಈ ಸಲ ಸಿಟ್ಟು ಬಂದದ್ದು ಗಿರಾಕಿಯ ಮೇಲಲ್ಲ, ನನ್ನ ಒಡಹುಟ್ಟಿದ ಅಣ್ಣನ ಮೇಲೆ. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಅಣ್ಣ ದರ್ಜಿ. ಅತ್ತಿಗೆಯೂ ಅವನ ಜೊತೆ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದದ ಮೇಜು, ಮೇಜಿನ ಪಕ್ಕದ ಗೋಡೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು. ಅದೇ ಗೋಡೆಯ ಆಚೆ ಬದಿಗೆ ಅಡುಗೆಮನೆಯ ಸಿಂಕು. ಸಿಂಕಿನ ಹಳೆಯ ನಲ್ಲಿ ಕೆಟ್ಟಾಗ ಅಣ್ಣ ನನ್ನ ಅಂಗಡಿಗೆ ಬಂದು ಹೊಸದೊಂದನ್ನು ಆರಿಸಿಕೊಂಡ. ನಾನೇ ಬಂದು ಹಾಕಿಕೊಡುತ್ತೇನೆ, ನೀರು ಸೋರದಂತೆ ನಲ್ಲಿಯ ತುದಿಗೆ ಟೇಪು ಸುತ್ತುವುದಕ್ಕೂ ಒಂದು ಕ್ರಮವಿದೆ ಅಂದೆ.

"ಹುಟ್ಟಿದಾಗಿಂದ ದಾರ ಸುತ್ತೋನು ನಾನು. ನನಗೇ ಸುತ್ತೋದು ಹೇಳಿಕೊಡ್ತೀಯಾ?" ಎಂದು ನಕ್ಕು, ಬಿಳಿ ಟೇಪಿನ ಸುರುಳಿಯನ್ನೂ ಎತ್ತಿಕೊಂಡು ಹೋದ.

ನಲ್ಲಿ ಹಾಕಿದ ಮಾರನೆಯ ದಿನವೇ ಅದರ ಬುಡ ಒದ್ದೆಯಾಗತೊಡಗಿತು. ಅತ್ತಿಗೆ ಹೇಳಿದಳು. ಅಣ್ಣ ದೊಡ್ಡ ಸ್ಪ್ಯಾನರ್ ತಂದು ಇನ್ನಷ್ಟು ಬಿಗಿ ಮಾಡಿದ. ಆಮೇಲೆ ಸೋರುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅತ್ತಿಗೆ ಮತ್ತೆ ಹೇಳಿದಳು. ಹೊಲಿಗೆ ಕೋಣೆಯ ಗೋಡೆಯ ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿದೆ ಎಂದು ತೋರಿಸಿದಳು. ಒಂದು ಹನಿ ನೀರಿಗೆ ಇಷ್ಟೊಂದು ರಾದ್ಧಾಂತವೇ ಎಂದು ಅಣ್ಣ ಅವಳ ಮೇಲೇ ರೇಗಿದ. ಅವಳು ನನಗೆ ಫೋನ್ ಮಾಡಿದಳು, ನಾನು ಅಣ್ಣನಿಗೆ ಫೋನ್ ಮಾಡಿದೆ. ಬರುವ ವಾರ ನೋಡೋಣ ಅಂದ. ಹನಿ ಹನಿ ಕೂಡಿದರೆ ಹಳ್ಳ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಾ ಚೂರು ಬಟ್ಟೆಯನ್ನೂ ಎತ್ತಿಡುವ ಮನುಷ್ಯ, ತನ್ನ ಮನೆಯ ಗೋಡೆಯೊಳಗೆ ಏನು ಕೂಡಿಕೊಳ್ಳುತ್ತಿದೆ ಎಂದು ಮಾತ್ರ ನೋಡಲಿಲ್ಲ.

ಅವತ್ತು ಬೆಳಿಗ್ಗೆ ಅತ್ತಿಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಒತ್ತಿದಳು. ನೀರು ಕುಡಿದಿದ್ದ ಗೋಡೆಯಿಂದ ಕರೆಂಟು ಹೊಡೆದು ಅವಳನ್ನು ಎತ್ತಿ ಎಸೆಯಿತು. ಮೇಜಿನ ಮೂಲೆ ಭುಜಕ್ಕೆ ತಾಗಿ ಕೆಳಗೆ ಬಿದ್ದಳು. ನಾನು ಆಸ್ಪತ್ರೆಗೆ ಹೋದಾಗ ಬಲಗೈಯ ಬೆರಳುಗಳನ್ನು ಮಡಚಲು ನೋಡುತ್ತಿದ್ದಳು, ಅವು ಮಡಚುತ್ತಿರಲಿಲ್ಲ. ಮೆಲ್ಲಗೆ ಸರಿಹೋಗಬಹುದು ಎಂದರು ಡಾಕ್ಟರು. ಸೂಜಿ ಹಿಡಿಯುವ ಕೈ ಅದು. ಅಣ್ಣ ಪಕ್ಕದಲ್ಲಿ ನಿಂತು, ಏನೋ ಗ್ರಹಚಾರ ಎಂದ. ಗ್ರಹಕ್ಕೂ ನಲ್ಲಿಗೂ ಏನು ಸಂಬಂಧ? ಆಸ್ಪತ್ರೆ ಎನ್ನುವುದನ್ನೂ ಮರೆತು ಬಾಯಿಗೆ ಬಂದಂತೆ ಬೈದೆ.

ಅಲ್ಲಿಂದ ನೇರ ಅಣ್ಣನನ್ನೂ ಕರೆದುಕೊಂಡು ಅವರ ಮನೆಗೆ ಹೋಗಿ ಮೇನ್ ಸ್ವಿಚ್ಚು ಆರಿಸಿದೆ, ನೀರಿನ ವಾಲ್ವು ಮುಚ್ಚಿದೆ, ಅಣ್ಣನ ಎದುರಿಗೇ ನಲ್ಲಿ ಬಿಚ್ಚಿದೆ. ನಲ್ಲಿಯ ತುದಿಯಲ್ಲಿ ಸುರುಳಿ ಗೆರೆಗಳಿರುತ್ತವಲ್ಲ, ನಾವು ಥ್ರೆಡ್ ಎನ್ನುವುದು, ಅದರ ಮೇಲೆ ಟೇಪು ಇರಲೇ ಇಲ್ಲ. ಎಲ್ಲ ಹಿಂದಕ್ಕೆ ಸರಿದು ಬುಡದಲ್ಲಿ ಹಗ್ಗದ ಹಾಗೆ ಮುದ್ದೆಯಾಗಿತ್ತು. ಅಷ್ಟೇ ಅಲ್ಲ, ಸ್ಪ್ಯಾನರ್ ಹಾಕಿ ಹಿಂಡಿದ್ದಕ್ಕೆ ಗೋಡೆಯೊಳಗೆ ನಲ್ಲಿ ಕೂರುವ ಪ್ಲಾಸ್ಟಿಕ್ ಬಾಗು, ಅಂದರೆ ಎಲ್ಬೋ, ಕೂದಲೆಳೆಯಷ್ಟು ಸೀಳಿತ್ತು.

ಟೇಪೇ ಸರಿಯಿಲ್ಲ ಎಂದ ಅಣ್ಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ನನ್ನ ಅಂಗಡಿಯಿಂದ ತರಿಸಿದ ಇನ್ನೊಂದು ನಲ್ಲಿಯನ್ನೂ ಅದೇ ಸುರುಳಿಯನ್ನೂ ಅವನ ಕೈಗೆ ಕೊಟ್ಟು, ಸುತ್ತು ನೋಡೋಣ ಅಂದೆ. ಸುತ್ತಿದ. ಎಷ್ಟು ನೀಟಾಗಿ ಸುತ್ತಿದ ಎಂದರೆ, ಹಾಗೆ ನನ್ನಿಂದಲೂ ಆಗದು. ಆದರೆ ಸುತ್ತಿದ್ದು ಬಾಬಿನ್‌ಗೆ ದಾರ ಸುತ್ತುವ ದಿಕ್ಕಿನಲ್ಲಿ, ಎಡಕ್ಕೆ. ನಲ್ಲಿ ಕೂರುವುದು ಬಲಕ್ಕೆ ತಿರುಗಿಸಿದಾಗ. ಒಂದು ಬಿಡಿ ಎಲ್ಬೋ ಕೊಟ್ಟು ಕೂರಿಸು ಅಂದೆ. ಅವನು ತಿರುಗಿಸಿದ ಹಾಗೆಲ್ಲ ಅವನ ಕಣ್ಣೆದುರೇ ಟೇಪಿನ ತುದಿ ಎದ್ದು, ಸುತ್ತಿದ್ದೆಲ್ಲ ಬಿಚ್ಚಿಕೊಂಡು ಹಿಂದಕ್ಕೆ ಸರಿಯಿತು.

ಅಣ್ಣ ಬಿಚ್ಚಿಕೊಂಡ ಟೇಪಿನ ತುದಿಯನ್ನು ಬೆರಳಲ್ಲಿ ಹಿಡಿದ. "ದಿಕ್ಕಿನಲ್ಲಿ ಏನಿದೆ ಅಂದ್ಕೊಂಡಿದ್ದೆ ಕಣೇ," ಅಂದ.

"ಕೋಟಿಗೆ ತೋಳು ತಿರುಗಾ ಮುರುಗಾ ಹೊಲಿದು ಕೊಟ್ಟು ಗಿರಾಕಿಗೆ ಹಾಗಂತೀಯಾ?" ಅಂದೆ.

ಪ್ಲಂಬರ್ ಬಂದು ಟೈಲ್ಸ್ ಒಡೆದು ಎಲ್ಬೋ ಬದಲಿಸಿದ. ನಲ್ಲಿ ಮಾತ್ರ ಅಣ್ಣನೇ ಹಾಕಬೇಕು ಎಂದು ನಾನು ಹಟ ಹಿಡಿದೆ. ಹಳೆಯ ಟೇಪಿನ ಚೂರನ್ನೆಲ್ಲ ಕೀಳಿಸಿ ಥ್ರೆಡ್ ಒರೆಸಲು ಹೇಳಿದೆ. ಥ್ರೆಡ್ಡಿನ ಬಾಯಿ ಅವನ ಮುಖದ ಕಡೆ ಇರುವಂತೆ ಹಿಡಿಸಿ, ಮೊದಲ ಗೆರೆ ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತಿಸಿದೆ. ಟೇಪನ್ನು ಎಳೆದು ಹಿಡಿದರೆ ಅದು ಗೆರೆಯೊಳಗೆ ಕೂರುತ್ತದೆ. ನಾಲ್ಕೈದು ಸುತ್ತು ಸಾಕು. ಅವನ ಕೈ ಮತ್ತೆ ಮತ್ತೆ ಎಡಕ್ಕೇ ಹೋಗುತ್ತಿತ್ತು, ನಾನು ಮತ್ತೆ ಮತ್ತೆ ಬಿಚ್ಚಿಸಿದೆ. ಕೊನೆಗೆ ಕೈಯಿಂದ ತಿರುಗಿಸಿ ಕೂರಿಸಿ, ಸ್ಪ್ಯಾನರ್‌ನಿಂದ ಹದವಾಗಿ ಸ್ವಲ್ಪವೇ ಬಿಗಿ ಮಾಡಿದ. ನಲ್ಲಿಯ ಮೂತಿ ಓರೆ ನಿಂತಿತು. ನೇರ ಮಾಡಲು ಹಿಂದಕ್ಕೆ ತಿರುಗಿಸಹೋದವನ ಕೈ ಹಿಡಿದೆ. ಹಿಂದಕ್ಕೆ ತಿರುಗಿಸಿದರೆ ಟೇಪು ಸಡಿಲವಾಗುತ್ತದೆ, ಪೂರ್ತಿ ಬಿಚ್ಚಿ ಹೊಸ ಟೇಪಿನಿಂದ ಮತ್ತೆ ಸುತ್ತಬೇಕು. ಗೊಣಗದೆ ಸುತ್ತಿದ.

ನೀರು ಬಿಟ್ಟು ಒಣ ಕಾಗದದಿಂದ ಬುಡವನ್ನು ಸುತ್ತಲೂ ಒರೆಸಿ ನೋಡಿದ. ಕಾಗದ ಒಣಗಿಯೇ ಇತ್ತು. ಗೋಡೆ ಪೂರ್ತಿ ಒಣಗಿ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಸ್ವಿಚ್ಚಿಗೆ ಕರೆಂಟು ಕೊಡಬಾರದು ಎಂದು ಅಣ್ಣನೇ ಹೇಳಿದ. ಆಸ್ಪತ್ರೆಯಿಂದ ಮರಳಿ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಮುಖ ನೋಡಿದ, ಶಹಭಾಸ್ ಅಂತಾಳೆ ಎಂದುಕೊಂಡನೋ ಏನೋ.

"ಟೇಪು ಉಲ್ಟಾ ಸುತ್ತಿದ್ದು ನಿಮಗೆ ಗೊತ್ತಿರಲಿಲ್ಲ, ಅದು ಸರಿ," ಅಂದಳು ಅತ್ತಿಗೆ. "ಸೋರ್ತಿದೆ ಅಂತ ಗೊತ್ತಿತ್ತಲ್ಲ. ನಾನು ಬಾಯಿ ಬಿಟ್ಟು ಹೇಳಿದ್ದೆನಲ್ಲ. ಸತ್ತಿದ್ರೆ ನಂಬ್ತಿದ್ರಾ?"

 

ಓದುತ್ತಿರುವವರೇ, ಟೇಪು ಸುತ್ತುವ ಕ್ರಮ ಹೇಳಿದ್ದಾಯಿತು, ಅದೇನೂ ಬ್ರಹ್ಮವಿದ್ಯೆಯಲ್ಲ. ಗೊತ್ತಾಗದಿದ್ದರೆ ಬಲ್ಲವರನ್ನು ಕರೆಯಿರಿ, ನಾಚಿಕೆ ಬೇಡ. ಗೋಡೆ ಒದ್ದೆಯಾಗಿದ್ದರೆ ಮೊದಲು ಕರೆಂಟು ಆರಿಸಿ. ಇಷ್ಟು ಮಾಡುವ ಮುಂಚೆ ಇನ್ನೊಂದು ಕೆಲಸವಿದೆ. ನಿಮ್ಮ ಮನೆಯಲ್ಲೂ ಒಬ್ಬರು "ಸೋರುತ್ತಿದೆ, ಸೋರುತ್ತಿದೆ" ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿರುತ್ತಾರೆ. ಇವತ್ತೇ ಅವರ ಹತ್ತಿರ ಹೋಗಿ, ಎಲ್ಲಿ ಎಂದು ಕೇಳಿ.